ಅಂಚು ಹೇಳಿದಂತೆ ಕೇಳುವ ಆಕರಕೋಶಗಳು

ಪ್ರಶ್ನೆ: ಮಾನವ ಆಕರಕೋಶಗಳು (ಹಲವು ಬಗೆಯ ಕೋಶಗಳಾಗಬಲ್ಲ ಸ್ಟೆಮ್ ಸೆಲ್‌ಗಳು) ಪ್ರಯೋಗಾಲಯದ ತಟ್ಟೆಯಲ್ಲಿ ತಾವಾಗಿಯೇ ಭ್ರೂಣದಂತೆ ಜೋಡಿಕೊಳ್ಳುತ್ತವಂತೆ. ಯಾವುದು ಎಲ್ಲಿರಬೇಕೆಂದು ಅವಕ್ಕೆ ತಿಳಿಯುವುದು ಹೇಗೆ?

ಉತ್ತರ: ಅಂಚಿನಿಂದ ಎಷ್ಟು ದೂರ ಎನ್ನುವುದರಿಂದ. ನ್ಯೂಯಾರ್ಕ್‌ನ ರಾಕ್‌ಫೆಲರ್ ವಿಶ್ವವಿದ್ಯಾಲಯದ ಅಲಿ ಬ್ರಿವಾನ್ಲೂ ತಂಡ 2014ರಲ್ಲಿ ಇದನ್ನು ತೋರಿಸಿತು. ಗಾಜಿನ ಮೇಲೆ 1 ಮಿ.ಮೀ. ವ್ಯಾಸದ ವೃತ್ತದಲ್ಲಷ್ಟೇ ಕೋಶಗಳು ಅಂಟುವಂತೆ ಮಾಡಿ, ಅವು ಒತ್ತಾಗಿ ತುಂಬಿದ ಮೇಲೆ ಮಿ.ಲೀ.ಗೆ 50 ನ್ಯಾನೋಗ್ರಾಂನಂತೆ ಬಿಎಂಪಿ4 ಎಂಬ, ಕೋಶ ಏನಾಗಬೇಕೆಂದು ಸೂಚಿಸುವ ಪ್ರೋಟೀನ್ ಹಾಕುತ್ತಾರೆ. ಎರಡು ದಿನದೊಳಗೆ ವರ್ತುಲಗಳು ಮೂಡುತ್ತವೆ: ತೀರಾ ಹೊರಗೆ ಪ್ಲಸೆಂಟಾದ ಪೂರ್ವಕೋಶಗಳನ್ನು ಹೋಲುವಂಥವು, ಅದರೊಳಗೆ ಎಂಡೋಡರ್ಮ್ (ಕರುಳು, ಶ್ವಾಸಕೋಶಗಳ ಮೂಲಪದರ), ಆಮೇಲೆ ಮೀಸೋಡರ್ಮ್ (ಸ್ನಾಯು, ಮೂಳೆ, ರಕ್ತದ ಮೂಲಪದರ), ನಟ್ಟನಡುವೆ ಎಕ್ಟೋಡರ್ಮ್ (ಚರ್ಮ, ನರಮಂಡಲದ ಮೂಲಪದರ).

ಪ್ರೋಟೀನ್ ಎಲ್ಲ ಕೋಶಗಳ ಮೇಲೂ ಸಮನಾಗಿಯೇ ಬೀಳುತ್ತದೆ, ಸ್ವಾರಸ್ಯ ಇರುವುದೇ ಇಲ್ಲಿ. ನಡುವಿನ ಇಕ್ಕಟ್ಟಿನಲ್ಲಿ ಅದನ್ನು ಹಿಡಿಯುವ ಗ್ರಾಹಕಗಳು ಕೋಶದ ಪಕ್ಕ ಮತ್ತು ತಳಕ್ಕೆ ಸರಿದು ಮರೆಯಾಗಿರುತ್ತವೆ. ಸಾಲದ್ದಕ್ಕೆ ಕೋಶಗಳೇ ಬಿಎಂಪಿ4 ಅನ್ನು ತಡೆಯುವ ನಾಗಿನ್ (noggin) ಎಂಬ ಪ್ರೋಟೀನ್ ಸ್ರವಿಸುತ್ತವೆ. ಅಂಚಿನಲ್ಲಿ ಅದು ಹೊರಗೆ ಸೋರಿಹೋಗುವುದರಿಂದ ಬಿಎಂಪಿ4ರ ಸೂಚನೆ ಅಲ್ಲಿ ಹೆಚ್ಚು ಬಲವಾಗಿ ಮುಟ್ಟುತ್ತದೆ.

ಕೆಲಸ ಕೆಡುವುದು ಹೆಚ್ಚಾಗಿ ಕೋಶ ಬಿತ್ತುವಾಗಲೇ. ವಿರಳವಾದರೆ ಗ್ರಾಹಕಗಳು ತೆರೆದುಕೊಂಡು ಇಡೀ ವೃತ್ತವೇ ಅಂಚಿನಂತೆ ವರ್ತಿಸುತ್ತದೆ. ಬಿತ್ತುವಾಗ ಕೋಶ ಸಾಯದಿರಲೆಂದು ಹಾಕಿದ ರಾಕ್ ಪ್ರತಿಬಂಧಕವನ್ನು (ರಾಕ್ ಎಂಬ ಕಿಣ್ವವನ್ನು ತಡೆಯುವ ರಾಸಾಯನಿಕವನ್ನು) ಬಿಎಂಪಿ4ಗೆ ಮುಂಚೆಯೇ ತೆಗೆದಿರಬೇಕು. ವೃತ್ತವನ್ನು 250 ಮೈಕ್ರಾನ್‌ಗೆ ಇಳಿಸಿದರೆ ನಡುವಿನ ಎಕ್ಟೋಡರ್ಮ್ ಮೂಡುವುದೇ ಇಲ್ಲ. ಅಂದಹಾಗೆ, ಇದು ಚಪ್ಪಟೆ ಮಾದರಿ ಮಾತ್ರ, ಭ್ರೂಣವಾಗಿ ಬೆಳೆಯುವಂಥದ್ದಲ್ಲ.