ಎನ್‌ವಿಡಿಎ ತಪ್ಪಿನ ಸಂದೇಶ ಓದುತ್ತಿಲ್ಲ: ಪ್ರತಿಕ್ರಿಯೆ

ನಿಮ್ಮ ವೆಬ್ ಫಾರ್ಮ್‌ನಲ್ಲಿ ಮೊಬೈಲ್ ನಂಬರ್ ತಪ್ಪಾದಾಗ ಬಾಕ್ಸಿನ ಕೆಳಗೆ ಕೆಂಪಕ್ಷರ ಬರುತ್ತದೆ, ಆದರೆ ಕಣ್ಣು ಕಾಣದವರಿಗೆ ಪರದೆ ಓದಿ ಹೇಳುವ ತಂತ್ರಾಂಶ ಎನ್‌ವಿಡಿಎ ಅದನ್ನು ಓದುವುದೇ ಇಲ್ಲ ಅಂದಿದ್ದೀರಿ. ಕಾರಣ ಸರಳ. ಆ ಸಾಲು ಬಾಕ್ಸಿನ ಕೆಳಗಿದೆ ಎನ್ನುವುದು ಕಣ್ಣಿಗೆ ಮಾತ್ರ ಗೊತ್ತು. ಕೋಡ್‌ನಲ್ಲಿ ಎರಡಕ್ಕೂ ನಂಟೇ ಇಲ್ಲ.

ಸಂದೇಶಕ್ಕೆ ಒಂದು ಐಡಿ ಕೊಡಿ. ಇನ್‌ಪುಟ್‌ನ 'ಏರಿಯಾ-ಡಿಸ್ಕ್ರೈಬ್ಡ್‌ಬೈ' (aria-describedby, ಬಾಕ್ಸಿಗೆ ವಿವರಣೆ ಜೋಡಿಸುವ ಗುಣ)ಯಲ್ಲಿ ಅದೇ ಐಡಿ ಹಾಕಿ. ತಪ್ಪಿದ್ದಾಗ ಬಾಕ್ಸಿನಲ್ಲಿ ತಪ್ಪಿದೆ ಎಂದು ಸೂಚಿಸುವ 'ಏರಿಯಾ-ಇನ್‌ವ್ಯಾಲಿಡ್' (aria-invalid) ಟ್ರೂ ಮಾಡಿ, ಸರಿಯಾದ ಮೇಲೆ ತೆಗೆಯಿರಿ. ಸಬ್ಮಿಟ್ ಒತ್ತಿದಾಗ ಫೋಕಸ್ಸನ್ನು ತಪ್ಪಿರುವ ಮೊದಲ ಬಾಕ್ಸಿಗೆ ಒಯ್ಯಿರಿ. ಆಗ ಬಾಕ್ಸಿನ ಹೆಸರು, ತಪ್ಪಿದೆ ಅನ್ನುವ ಸೂಚನೆ, ನಿಮ್ಮ ಸಂದೇಶ ಮೂರೂ ಒಟ್ಟಿಗೆ ಕೇಳುತ್ತವೆ.

ಪ್ರತಿ ಸಂದೇಶಕ್ಕೂ, ಕಾಣಿಸಿದ ಕೂಡಲೇ ಓದಿಸುವ 'ರೋಲ್ ಅಲರ್ಟ್' (role="alert") ಹಾಕಿ ಅಂತ ಕೆಲವರು ಹೇಳುತ್ತಾರೆ. ಬೇಡ. ಐದಾರು ತಪ್ಪುಗಳಿದ್ದರೆ ಎಲ್ಲವೂ ಒಟ್ಟಿಗೆ ಬಡಬಡಿಸುತ್ತವೆ, ಯಾವುದು ಯಾವ ಬಾಕ್ಸಿನದು ಅಂತ ತಿಳಿಯುವುದಿಲ್ಲ.

ಸಂದೇಶವೂ ಸುಮ್ನೆ 'ತಪ್ಪಾಗಿದೆ' ಅಂತಿದ್ದರೆ ಪ್ರಯೋಜನವಿಲ್ಲ. '10 ಅಂಕಿ ಬೇಕು, 9 ಇವೆ' ಅನ್ನಲಿ.

ಇನ್ನೊಂದು: ನಿಮ್ಮ ಲೇಬಲ್‌ಗಳು ಕನ್ನಡದಲ್ಲಿವೆ ಅಲ್ವಾ? ಪುಟದ ಎಚ್‌ಟಿಎಂಎಲ್ ಟ್ಯಾಗ್‌ನಲ್ಲಿ ಭಾಷೆ ಇಂಗ್ಲಿಷ್ ಅಂತಲೇ ಉಳಿದಿದ್ದರೆ ಅದನ್ನು ಕನ್ನಡದ ಸಂಕೇತವಾದ 'ಕೆಎನ್' (kn) ಮಾಡಿ. ಎನ್‌ವಿಡಿಎ ಜೊತೆ ಬರುವ, ಪಠ್ಯವನ್ನು ದನಿಯಾಗಿಸುವ ಇಸ್ಪೀಕ್‌ಗೆ (eSpeak) ಕನ್ನಡ ಓದಲು ಬರುತ್ತದೆ, ದನಿ ಸ್ವಲ್ಪ ಯಾಂತ್ರಿಕ ಅಷ್ಟೇ.