ಅರವತ್ತರ ಮೇಲೆ ಮಿನಿಯೇಚರ್ ಕತ್ತೆ ಫಾರಂ: ಗಂಡು ಕತ್ತೆ ಈಗಲೇ ಬೇಡ

ಅಕ್ಕಾ, ನಿಮ್ಮ ಪ್ರಶ್ನೆ ಓದಿದೆ. ಇಬ್ಬರಿಗೂ ಅರವತ್ತು ದಾಟಿದೆ, ಆಸ್ಟಿನ್ ಆಚೆ ಆರು ಎಕರೆ ತಗೊಂಡಿದ್ದೀರಿ. ಒಂದು ಗಂಡು, ಐದು ಹೆಣ್ಣು ಮಿನಿಯೇಚರ್ ಕತ್ತೆ ಒಟ್ಟಿಗೇ ತಂದು, ಮರಿ ಮಾಡಿಸಿ ಮಾರೋಣವೇ ಅಂತ ಕೇಳಿದ್ದೀರಿ. ನಾವೂ ಟೆಕ್ಸಾಸ್‌ನಲ್ಲೇ ಇವನ್ನು ಸಾಕುತ್ತಿದ್ದೇವೆ, ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ. ಖಂಡಿತ ಮಾಡಬಹುದು. ಆದರೆ ಗಂಡನ್ನು ಈಗಲೇ ತರಬೇಡಿ.

ಇವು ಭುಜದ ಹತ್ತಿರ 36 ಇಂಚು ದಾಟುವುದಿಲ್ಲ. ತೂಕ ಸುಮಾರು 90ರಿಂದ 160 ಕಿಲೋ. ಅಷ್ಟೇ ಪುಟ್ಟದಲ್ವಾ ಅನಿಸುತ್ತದೆ. ಆದರೆ ಹತ್ತಿರದಲ್ಲಿ ಹೆಣ್ಣು ಬೆದೆಗೆ ಬಂದಾಗ ಬೀಜದ ಗಂಡಿಗೆ (ಬೀಜ ತೆಗೆಸದ ಗಂಡು ಕತ್ತೆಗೆ) ನೀವು ಯಾರೆಂಬುದೇ ಮರೆತುಹೋಗುತ್ತದೆ. ಕಚ್ಚಿ ಹಿಡಿದರೆ ಬಿಡುವುದಿಲ್ಲ. ಮರಿಗಳನ್ನೂ ಅಟ್ಟಾಡಿಸಬಹುದು. ಅದಕ್ಕೆ ಬೇರೆಯೇ ಜಾಗ, ಗಟ್ಟಿ ಬೇಲಿ ಬೇಕು. ಒಂಟಿಯಾಗಿ ಕಟ್ಟಿಹಾಕಿದರೆ ಅದು ಇನ್ನೂ ಕೆಡುತ್ತದೆ. ಮಂಡಿ ನೋವು ಇರುವವರು ದಿನಾ ಅದರ ಜೊತೆ ಗುದ್ದಾಡುವುದು ಯಾಕೆ? ಒಳ್ಳೆಯ ಗಂಡಿರುವ ಫಾರಂನಿಂದ ಗಬ್ಬವಾಗಿರುವ ಎರಡು ಹೆಣ್ಣು ತನ್ನಿ. ಮುಂದೆ ಬೇಕಾದಾಗ ಹೆಣ್ಣನ್ನು ಅಲ್ಲಿಗೇ ಕಳಿಸಿ, ಗಂಡು ಕೊಡಿಸಿಕೊಂಡು ಬನ್ನಿ.

ಒಂದೇ ಕತ್ತೆ ಮಾತ್ರ ಯಾವತ್ತೂ ತರಬೇಡಿ. ಇವು ಜೋಡಿ ಕಟ್ಟಿಕೊಳ್ಳುವ ಪ್ರಾಣಿ. ಜೊತೆಗಾರ ಹೋದರೆ ಮೇವು ಬಿಡುತ್ತವೆ, ಆ ಕೊರಗಿನಲ್ಲೇ ಕಾಯಿಲೆ ಬೀಳುತ್ತವೆ. ಮಾರುವಾಗಲೂ ಜೋಡಿಯಾಗಿಯೇ ಕೊಡಿ, ಇಲ್ಲವೇ ಆಗಲೇ ಕತ್ತೆ ಇರುವ ಮನೆಗೆ ಕೊಡಿ.

ಈಗ ದುಡ್ಡಿನ ಲೆಕ್ಕ. ಹೆಚ್ಚು ಕಮ್ಮಿ ಒಂದು ವರ್ಷ ಗಬ್ಬ, ಒಂದೇ ಮರಿ. ಮೂರು ವರ್ಷ ತುಂಬುವ ಮುಂಚೆ ಹೆಣ್ಣಿಗೆ ಗಂಡು ಕೊಡಿಸಬಾರದು. ಅಂದರೆ ಇವತ್ತು ಹೆಣ್ಣು ಮರಿ ಕೊಂಡರೆ ಅದರ ಮೊದಲ ಮರಿ ನೋಡಲು ನಾಲ್ಕು ವರ್ಷ ಹಿಡಿಯುತ್ತದೆ. ಹುಟ್ಟುವುದರಲ್ಲಿ ಅರ್ಧ ಗಂಡೇ ಇರುತ್ತವೆ. ಅವುಗಳಿಗೆ ಬೀಜ ತೆಗೆಸಿ, ಸಾಕುಪ್ರಾಣಿ ಅಂತಲೇ ಕೊಡಬೇಕು. ಮರಿ ಮಾರಿದ ದುಡ್ಡಲ್ಲಿ ಸಾಲದ ಕಂತು ಕಟ್ಟುತ್ತೇನೆ ಅಂದರೆ ನಾನು ಬೇಡ ಅಂತಲೇ ಹೇಳುವುದು. ತೆರಿಗೆಗೆ ಇದನ್ನು ವ್ಯಾಪಾರ ಅಂತ ತೋರಿಸುವುದಾದರೆ, ಐದು ವರ್ಷದಲ್ಲಿ ಮೂರು ವರ್ಷ ಲಾಭ ಇದ್ದರೆ ವಾದ ಸುಲಭ. ಮೊದಲ ದಿನದಿಂದಲೇ ರಸೀದಿ ಇಟ್ಟುಕೊಳ್ಳಿ.

ತರುವಾಗ ಬಾಯಿ ತೆರೆಸಿ ನೋಡಿ. ಮೇಲಿನ ಹಲ್ಲು, ಕೆಳಗಿನ ಹಲ್ಲು ಸರಿಯಾಗಿ ಕೂರಬೇಕು. ಕೆಳದವಡೆ ಮುಂದೆ ಬಂದಿದ್ದರೆ, ತಲೆ ದಪ್ಪವಾಗಿ ಕಾಲು ಗಿಡ್ಡವಾಗಿ ಕಂಡರೆ ಬಿಡಿ, ಅದು ಕುಬ್ಜತನದ ಲಕ್ಷಣ ಇರಬಹುದು, ಮರಿಗೂ ಇಳಿಯಬಹುದು. ಎಲ್ಲಕ್ಕಿಂತ ಚಿಕ್ಕದು ಬೇಕು ಅಂತ ಹಟ ಹಿಡಿಯುವವರಿಗೇ ಇಂಥವು ಸಿಗುವುದು. ಹೆಣ್ಣು 32ರಿಂದ 34 ಇಂಚು ಇದ್ದರೆ ಹೆರಿಗೆಯೂ ಸಲೀಸು. ಕಾಗಿನ್ಸ್ ಪರೀಕ್ಷೆಯ (ಕುದುರೆ, ಕತ್ತೆಗಳಿಗೆ ಬರುವ ಒಂದು ಸೋಂಕು ರಕ್ತಹೀನತೆಯ ರಕ್ತಪರೀಕ್ಷೆ) ವರದಿ, ನೋಂದಣಿ ಕಾಗದ ಎರಡನ್ನೂ ಕೇಳಿ. ಇವುಗಳ ಮೂಲ ಸಾರ್ಡೀನಿಯಾ, ಸಿಸಿಲಿ ಕಡೆ. 1929ರಲ್ಲಿ ರಾಬರ್ಟ್ ಗ್ರೀನ್ ಅನ್ನುವವರು ಅಮೆರಿಕಕ್ಕೆ ತರಿಸಿದರು, 1958ರಲ್ಲಿ ನೋಂದಣಿ ಶುರುವಾಯಿತು. ಅಷ್ಟು ಕಾಲದ ವಂಶಾವಳಿ ಇರುವಾಗ ಕಾಗದವಿಲ್ಲದ ಹೆಣ್ಣಿಗೆ ಜಾಸ್ತಿ ದುಡ್ಡು ಕೊಡಬೇಕಾಗಿಲ್ಲ.

ಮೇವಿನ ವಿಷಯ ದಯವಿಟ್ಟು ಗಮನವಿಟ್ಟು ಓದಿ. ನಮ್ಮವರಿಗೆ ಪ್ರೀತಿ ಅಂದರೆ ತಿನ್ನಿಸುವುದು. ಇವು ಒಣ ಸೀಮೆಯ ಪ್ರಾಣಿ, ಬಡ ಹುಲ್ಲಿನಲ್ಲೇ ಬದುಕುವ ಹೊಟ್ಟೆ. 120 ಕಿಲೋ ಕತ್ತೆಗೆ ದಿನಕ್ಕೆ ಎರಡು ಕಿಲೋ ಒಣಮೇವು ಸಾಕು. ಸುಮ್ನೆ ನಿಂತಿರುವ ಕತ್ತೆಗೆ ಕುದುರೆಮಸಾಲೆ ಸೊಪ್ಪು (ಆಲ್ಫಾಲ್ಫಾ), ಕಾಳು, ಬೆಲ್ಲ, ಬ್ರೆಡ್ ಯಾವುದೂ ಬೇಡ. ಕುತ್ತಿಗೆ ಮೇಲೆ ಕೊಬ್ಬು ಕೂರುತ್ತದೆ, ಆಮೇಲೆ ಗೊರಸಿನ ಒಳಗೆ ಉರಿಯೂತ ಬಂದು ಹೆಜ್ಜೆ ಇಡಲು ಆಗುವುದಿಲ್ಲ. ಇನ್ನೊಂದು ಅಪಾಯವೂ ಇದೆ. ದಪ್ಪಗಿರುವ, ಅದರಲ್ಲೂ ಗಬ್ಬದ ಕತ್ತೆ ಒಂದು ದಿನ ಮೇವು ಬಿಟ್ಟರೂ ಮೈಕೊಬ್ಬೆಲ್ಲ ರಕ್ತಕ್ಕೆ ಇಳಿದು ಯಕೃತ್ತು ಕೆಡಬಹುದು. ಕತ್ತೆ ನೋವು ತೋರಿಸಿಕೊಳ್ಳುವುದಿಲ್ಲ. ಒದ್ದಾಡುವುದೂ ಇಲ್ಲ, ತಲೆ ತಗ್ಗಿಸಿ ಒಂದು ಕಡೆ ನಿಂತುಬಿಡುತ್ತದೆ. ಬೆಳಿಗ್ಗೆ ಮೇವಿಗೆ ಬರಲಿಲ್ಲ ಅಂದರೆ ಸಂಜೆವರೆಗೆ ಕಾಯಬೇಡಿ, ಆಗಲೇ ವೆಟ್‌ಗೆ (ಪಶುವೈದ್ಯರಿಗೆ) ಫೋನ್ ಮಾಡಿ.

ಬೇಲಿಗೆ ಮುಳ್ಳುತಂತಿ ಬೇಡ, ಸಣ್ಣ ಕಣ್ಣಿನ ಹೆಣೆದ ಜಾಲರಿ ಹಾಕಿಸಿ. ಕತ್ತೆ ಇದ್ದರೆ ಕಾವಲು ಅಂತ ಯಾರಾದರೂ ಹೇಳಿದರೆ ಅದು ದೊಡ್ಡ ಕತ್ತೆಗೆ ಹೇಳುವ ಮಾತು. ಈ ಪುಟಾಣಿಗಳನ್ನೇ ನಾಯಿ, ಕಾಯೋಟಿಯಿಂದ (ತೋಳದಂಥ ಕಾಡುಪ್ರಾಣಿ) ನೀವು ಕಾಯಬೇಕು. ಕೂದಲು ಮಳೆ ತಡೆಯುವುದಿಲ್ಲ, ಮೂರು ಕಡೆ ಗೋಡೆ ಇರುವ ಕೊಟ್ಟಿಗೆ ಬೇಕೇ ಬೇಕು. ಆರೆಂಟು ವಾರಕ್ಕೊಮ್ಮೆ ಗೊರಸು ಕತ್ತರಿಸಿ.

ಮರಿ ಹಾಕುವ ಸಮಯಕ್ಕೆ ಮನೆಯಲ್ಲೇ ಇರಿ. ಹೊಲದಲ್ಲಿ ಫೆಸ್ಕ್ಯೂ ಹುಲ್ಲು ಇದ್ದರೆ ಕೊನೆಯ ಮೂರು ತಿಂಗಳು ಅಲ್ಲಿಗೆ ಬಿಡಬೇಡಿ, ಅದರಲ್ಲಿರುವ ಶಿಲೀಂಧ್ರದಿಂದ ಕೆಚ್ಚಲಿಗೆ ಹಾಲೇ ಬಾರದೆ ಹೋಗಬಹುದು. ದಿನ ಹತ್ತಿರ ಬಂದಾಗ ಕೆಚ್ಚಲು ತುಂಬುತ್ತದೆ, ತೊಟ್ಟಿನ ತುದಿಗೆ ಮೇಣದಂತೆ ಅಂಟು ಕಾಣಿಸಿಕೊಳ್ಳುತ್ತದೆ. ಮೊದಲು ಬರಬೇಕಾದ್ದು ಬಿಳಿಚಾದ ತೆಳು ಪೊರೆ. ಒಳಗೆ ಒಂದು ಮುಂಗಾಲು ಮುಂದೆ, ಇನ್ನೊಂದು ಸ್ವಲ್ಪ ಹಿಂದೆ, ಅದರ ಮೇಲೆ ಮೂತಿ. ಗೊರಸಿನ ತುದಿಯಲ್ಲಿ ರಬ್ಬರಿನಂಥ ಮೆತ್ತನೆ ಬೆರಳುಗಳು ನೇತಾಡುತ್ತಿರುತ್ತವೆ. ಹೆದರಬೇಡಿ, ತಾಯಿಯ ಒಡಲಿಗೆ ಪೆಟ್ಟಾಗದಿರಲಿ ಅಂತ ಇರುವುದು ಅವು, ನಡೆದಾಡಿದ ಮೇಲೆ ಸವೆದು ಹೋಗುತ್ತವೆ. ಬಿಳಿ ಪೊರೆಯ ಬದಲು ಕೆಂಪು ಮಖಮಲ್ಲಿನಂಥ ಚೀಲ ಮೊದಲು ಬಂದರೆ ಮಾತ್ರ ಒಂದು ನಿಮಿಷವೂ ಕಾಯುವಂತಿಲ್ಲ. ಅಂದರೆ ಕಸ (ಮಾಸು) ಮೊದಲೇ ಬಿಟ್ಟುಕೊಂಡಿದೆ, ಮರಿಗೆ ಉಸಿರು ಸಿಗುತ್ತಿಲ್ಲ. ಚೀಲ ಹರಿದು ಮರಿಯನ್ನು ಎಳೆಯಬೇಕು, ಫೋನ್ ಇನ್ನೊಬ್ಬರು ಮಾಡಲಿ. ಇದನ್ನು ವೆಟ್ ಹತ್ತಿರ ಮುಂಚೆಯೇ ಹೇಳಿಸಿಕೊಂಡಿರಿ.

ಎಲ್ಲ ಸರಿಯಿದ್ದರೆ ಮರಿ ಒಂದು ಗಂಟೆಯೊಳಗೆ ಏಳಬೇಕು, ಎರಡು ಗಂಟೆಯೊಳಗೆ ಹಾಲು ಕುಡಿಯಬೇಕು, ಮೂರು ಗಂಟೆಯೊಳಗೆ ತಾಯಿಗೆ ಕಸ ಬೀಳಬೇಕು. ಇದರಲ್ಲಿ ಯಾವುದು ತಡವಾದರೂ ವೆಟ್ ಬರಲಿ. ಹೊಕ್ಕುಳಿಗೆ ಔಷಧಿ ಹಚ್ಚಿ. ಗಿಣ್ಣುಹಾಲು ಮೈಗೆ ಹತ್ತಿದೆಯೇ ಅಂತ ಮೊದಲ ದಿನವೇ ರಕ್ತಪರೀಕ್ಷೆ ಮಾಡಿಸಿ. ಮರಿ ಬರೀ ಎಂಟು-ಹತ್ತು ಕಿಲೋ ಇರುತ್ತದೆ, ಚಳಿ ಬೇಗ ತಟ್ಟುತ್ತದೆ.

ಇನ್ನೊಂದು ವಿಷಯವನ್ನು ನಮ್ಮ ವಯಸ್ಸಿನವರು ಮುಂದೆ ತಳ್ಳಬಾರದು. ಈ ಕತ್ತೆಗಳು 25–30 ವರ್ಷ, ಕೆಲವು ಇನ್ನೂ ಜಾಸ್ತಿ ಬದುಕುತ್ತವೆ. ನೀವು ಈ ವರ್ಷ ತಂದ ಹೆಣ್ಣು ನಿಮಗೆ ತೊಂಬತ್ತಾದಾಗಲೂ ಇರಬಹುದು. ಮಗ ಬೇರೆ ಊರಲ್ಲಿ ಇದ್ದಾನೆ ಅಂತ ಬರೆದಿದ್ದೀರಿ. ಯಾರಿಗೆ ಹೋಗಬೇಕು, ಅವರು ಒಪ್ಪಿದ್ದಾರಾ, ಮೇವಿಗೆ ದುಡ್ಡು ಎಲ್ಲಿಂದ, ಇಷ್ಟನ್ನೂ ವಿಲ್‌ನಲ್ಲಿ ಬರೆಸಿಬಿಡಿ. ನನಗಂತೂ ಐದಾರು ಕತ್ತೆ ಬೇಡ, ಎರಡು ಮೂರೇ ಇರಲಿ ಅನಿಸುವುದು ಇದಕ್ಕೇ. ಅಷ್ಟಾದರೆ ಅಕ್ಕಪಕ್ಕದವರೂ ನೋಡಿಕೊಳ್ಳುತ್ತಾರೆ.

ಮೊದಲು, ಕತ್ತೆಗಳಿಗೆ ಚಿಕಿತ್ಸೆ ಮಾಡಿ ಗೊತ್ತಿರುವ ವೆಟ್ ಯಾರಿದ್ದಾರೆ ವಿಚಾರಿಸಿ. ಎಲ್ಲ ಔಷಧಿಗೂ ಕುದುರೆಯ ಲೆಕ್ಕ ಇದಕ್ಕೆ ನಡೆಯುವುದಿಲ್ಲ. ಅವರು ಸಿಕ್ಕಿದ ಮೇಲೆ ಫಾರಂಗೆ ಹೋಗಿ ಬನ್ನಿ. ಹಲ್ಲು, ಗೊರಸು, ಪಕ್ಕದಿಂದ ಪೂರ್ತಿ ಮೈ, ಮೂರು ಫೋಟೋ ತೆಗೆದು ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ.