ಇಬ್ಬರ ಆಲ್ಬಮ್ ಅಂದ್ರೆ ಇಬ್ಬರೂ ಒಂದೇ ಕೋಣೆಯಲ್ಲಿ ಕೂರಬೇಕು

ತಮ್ಮಾ, ನಿನ್ನ ಪೋಸ್ಟ್ ಎರಡು ಸಲ ಓದಿದೆ. ನೀನು ಹುಬ್ಬಳ್ಳಿಯಲ್ಲಿ ರ‍್ಯಾಪ್ ಬರೀತೀಯ, ಗೆಳೆಯ ಗದಗಿನಲ್ಲಿ ಬೀಟ್, ಅಂದ್ರೆ ಮಾತಿನ ಹಿಂದಿನ ಸಂಗೀತ, ಮಾಡ್ತಾನೆ. ಆರು ತಿಂಗಳಲ್ಲಿ ವಾಟ್ಸಾಪಿನಲ್ಲಿ 14 ಬೀಟ್ ಬಂದಿವೆ, ಒಂದು ಹಾಡೂ ಮುಗಿದಿಲ್ಲ. ಎಲ್ಲ ಹಾಡಿಗೂ ಹುಕ್, ಅಂದ್ರೆ ಮತ್ತೆ ಮತ್ತೆ ಬರುವ ಪಲ್ಲವಿ, ಬೇಕಾ ಅಂತಲೂ ಕೇಳಿದ್ದೀಯ.

ಬೇಡ. 2004ರ ಅಮೆರಿಕದ ಆಲ್ಬಮ್ ಮ್ಯಾಡ್‌ವಿಲನಿ ಕೇಳು. ಎಂಎಫ್ ಡೂಮ್ ರ‍್ಯಾಪರ್, ಬೀಟ್ ಮ್ಯಾಡ್‌ಲಿಬ್‌ನದು. 22 ಟ್ರ್ಯಾಕ್, ಎಲ್ಲ ಸೇರಿ ಸುಮಾರು 46 ನಿಮಿಷ. ಹೆಚ್ಚಿನವು ಮೂರು ನಿಮಿಷದೊಳಗೆ ಮುಗಿಯುತ್ತವೆ, ಹುಕ್ ತೀರಾ ಕಡಿಮೆ. ಬೀಟ್‌ಗಳಲ್ಲಿ ಬಹಳಷ್ಟನ್ನು ಮ್ಯಾಡ್‌ಲಿಬ್ ಬ್ರೆಜಿಲ್‌ನ ಒಂದು ಹೋಟೆಲ್ ಕೋಣೆಯಲ್ಲಿ ಮಾಡಿದ್ದು, ಹಳೇ ಹಾಡಿನ ತುಂಡು ಎತ್ತಿ ನುಡಿಸುವ ಸಣ್ಣ ಸ್ಯಾಂಪ್ಲರ್, ಪುಟ್ಟ ಟರ್ನ್‌ಟೇಬಲ್, ಕ್ಯಾಸೆಟ್ ಡೆಕ್ ಇಟ್ಟುಕೊಂಡು. ಆಲ್ಬಮ್ ಬಿಡುಗಡೆಗೆ ಒಂದು ವರ್ಷಕ್ಕೂ ಮೊದಲೇ ನೆಟ್‌ನಲ್ಲಿ ಸೋರಿಹೋಯಿತು. ಆಮೇಲೆ ಡೂಮ್ ಮತ್ತೆ ಹಾಡಿದ, ಈ ಸಲ ಬಿರುಸು ಬಿಟ್ಟು ತಗ್ಗಿದ ದನಿಯಲ್ಲಿ. ನನಗೆ ಈ ತಗ್ಗಿದ ದನಿಯೇ ಆ ಬೀಟ್‌ಗಳಿಗೆ ಸರಿಯಾಗಿ ಕೂತಿದೆ ಅನಿಸುತ್ತದೆ. ನೀನು ಕಳಿಸಿದ ಡೆಮೊದಲ್ಲಿ ಬೀಟ್ ಮೆಲ್ಲಗಿದೆ, ನೀನು ಮಾತ್ರ ಜಾತ್ರೆಯ ಮೈಕಿನಲ್ಲಿ ಕೂಗಿದ ಹಾಗೆ ಹಾಡಿದ್ದೀಯ. ಅದೇ ಹಾಡನ್ನು ಕುಂತು, ಪಕ್ಕದವನಿಗೆ ಹೇಳಿದ ಹಾಗೆ ಹಾಡಿ ನೋಡು.

ಮೊದಲು ವಾಟ್ಸಾಪ್ ಬಿಡಿ. ಗದಗ ಅರವತ್ತು ಕಿಲೋಮೀಟರೂ ಇಲ್ಲ, ರೈಲು ಹತ್ತು. ಗೆಳೆಯನ ಬೀಟ್ ತುಂಬಿ ತುಳುಕುತ್ತಿದೆ, ಮಾತಿಗೆ ಜಾಗವೇ ಇಲ್ಲ. ನೀನು ಎದುರಿಗೆ ಹಾಡುತ್ತಿದ್ದರೆ ಯಾವ ವಾದ್ಯ ಮ್ಯೂಟ್ ಮಾಡಬೇಕು ಅಂತ ಅವನಿಗೇ ಗೊತ್ತಾಗುತ್ತದೆ. ಹೋದಾಗ ಪಕ್ಕದ ಬೆಟಗೇರಿಗೂ ಹೋಗಿ, ಕೇಳಿ ಒಪ್ಪಿಗೆ ತಗೊಂಡು ಒಂದು ಕೈಮಗ್ಗದ ಸಪ್ಪಳ ರೆಕಾರ್ಡ್ ಮಾಡಿ. ಲಾಳಿ ಓಡುವ ಸದ್ದು, ಎಳೆ ಒತ್ತುವ ಹಣಿಗೆ ಬಡಿಯುವ ಸದ್ದು, ನಡುವೆ ಒಂದು ಉಸಿರಿನಷ್ಟು ಬಿಡುವು. ಎಳೆ ಕಡಿದರೆ ಎಲ್ಲ ನಿಲ್ಲುತ್ತದೆ, ಗಂಟು ಹಾಕುವವರೆಗೆ ಬರೀ ಮೌನ. ಅದನ್ನು ಸಾಫ್ಟ್‌ವೇರಿನ ತಾಳದ ಗ್ರಿಡ್‌ಗೆ ಎಳೆದು ಕೂರಿಸಬೇಡಿ, ಆ ಹಿಂದೆಮುಂದೆಯೇ ಚೆಂದ. ಹಳೇ ರೆಕಾರ್ಡಿನಿಂದ ತುಂಡು ಎತ್ತುವುದಾದರೆ ರೆಕಾರ್ಡಿಂಗ್‌ನವರ ಅನುಮತಿಯೂ ಬೇಕು, ಹಾಡು ಕಟ್ಟಿದವರದೂ ಬೇಕು. ಮಗ್ಗದ ಸದ್ದಿಗೆ ಆ ತಾಪತ್ರಯ ಇಲ್ಲ.

ಈಗ ಪ್ರಾಸ. ಇದು ನನಗೆ ಬಹಳ ಮುಖ್ಯ. ನಮ್ಮಲ್ಲಿ ಕ್ರಿಯಾಪದ ಸಾಲಿನ ಕೊನೆಗೆ ಬರುತ್ತದೆ, ಹಂಗಾಗಿ ಹೊಂಟೀನಿ, ಬಂದೀನಿ, ಕಂಡೀನಿ ಅಂತ ಪ್ರಾಸ ತಾನಾಗೇ ಕೂಡುತ್ತದೆ. ನಾಲ್ಕು ಸಾಲಿಗೆ ಕಿವಿ ಬೇಸತ್ತು ಹೋಗುತ್ತದೆ, ನಿನ್ನ ಎರಡನೇ ವರ್ಸ್ (ಚರಣ) ಬಿದ್ದದ್ದು ಅಲ್ಲೇ. ನಮ್ಮ ಹಳಗನ್ನಡದವರು ಸಾಲಿನ ಎರಡನೇ ಅಕ್ಷರಕ್ಕೆ ಪ್ರಾಸ ಇಟ್ಟವರು, ಅಲ್ವಾ? "ಕಟ್ಟಿ ಮ್ಯಾಲೆ ಕುಂತ ಅಜ್ಜ, ರೊಟ್ಟಿ ಬಿಚ್ಚಿದ ಹೊತ್ತು, ಹೊಟ್ಟಿ ತುಂಬ ಮಾತು" — ಸುಮ್ನೆ ಈಗ ಕಟ್ಟಿದ್ದು. ಪ್ರಾಸ ಬಾರಿನ, ಅಂದ್ರೆ ತಾಳದ ಒಂದು ಸುತ್ತಿನ, ಮೊದಲಲ್ಲೇ ಕಿಕ್ (ದಪ್ಪ ಡ್ರಮ್ಮಿನ ಏಟು) ಜೊತೆ ಬೀಳುತ್ತದೆ, ಸಾಲಿನ ಕೊನೆ ನಿನ್ನ ಕೈಗೆ ಸಿಗುತ್ತದೆ. ಇಬ್ಬರ ನಡುವೆ ಸವಾಲು-ಜವಾಬು ಬೇಕಿದ್ದರೆ ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಅಂತ ಎರಡು ಮೇಳ ವಾದಿಸುವ ಹರದೇಶಿ-ನಾಗೇಶಿ ಹಾಡಿಕೆ ಕೂತು ಕೇಳಿ, ದಪ್ಪು ವಾದ್ಯ ಯಾವಾಗ ಸುಮ್ಮನಾಗುತ್ತದೆ ಅನ್ನುವುದನ್ನು ಗಮನಿಸಿ.

ರೆಕಾರ್ಡಿಂಗ್‌ಗೆ ಸ್ಟುಡಿಯೋ ಬೇಕಂತಿಲ್ಲ. ಮನೆಯಲ್ಲಿ ಕೌದಿ ಇರುತ್ತಲ್ಲ, ಎರಡು ಬೆನ್ನ ಹಿಂದೆ ಹಗ್ಗಕ್ಕೆ ಹಾಕು, ಒಂದು ಪಕ್ಕಕ್ಕೆ. ಮೈಕಿನಿಂದ ಬಾಯಿ ಒಂದು ಗೇಣು ದೂರ, ಫ್ಯಾನ್ ಬಂದ್. ಕುಗ್ಗಿಸದ 24 ಬಿಟ್ ವೇವ್ ಫೈಲ್ ಇರಲಿ, ಗೆಳೆಯನೂ ಕಿಕ್, ಬಾಸ್, ಸ್ಯಾಂಪಲ್ ಬೇರೆ ಬೇರೆಯಾಗಿ ಕೊಡಲಿ. ಕುಗ್ಗಿಸಿದ ಎಂಪಿ3 ಬೇಡವೇ ಬೇಡ. ನಾನೂ ಗೆಳೆಯನೂ ಮಾಡಿದ ಐದು ಹಾಡು ಹಾರ್ಡ್‌ಡಿಸ್ಕ್ ಜೊತೆ ಹೋದವು, ಉಳಿದದ್ದು ಫೋನಿನ ಎಂಪಿ3 ಮಾತ್ರ, ಮಿಕ್ಸ್ ತಿದ್ದಲು ಆಗಲೇ ಇಲ್ಲ. ದುಡ್ಡಿನ ಪಾಲೂ ಬಾಯಿಮಾತಲ್ಲಿತ್ತು. ಎರಡು ವರ್ಷ ಮಾತು ಬಿಟ್ಟಿದ್ದೆವು, ಇವತ್ತಿಗೂ ನೆನೆದರೆ ಸಂಕಟ ಆಗುತ್ತದೆ. ನೀವು ಮೊದಲ ದಿನವೇ ಒಂದು ಹಾಳೆಯಲ್ಲಿ ಅರ್ಧರ್ಧ ಅಂತ ಬರೆದು ಸಹಿ ಹಾಕಿ.

ಆ 14 ಬೀಟಿನಲ್ಲಿ ಇಬ್ಬರಿಗೂ ಇಷ್ಟವಾದ ಆರು ಇಟ್ಟುಕೊಂಡು ಉಳಿದದ್ದು ಬದಿಗಿಡಿ. ಬರುವ ಭಾನುವಾರ ಎರಡು ನಿಮಿಷದ ಒಂದು ಹಾಡು ಮುಗಿಸಿ ಇಲ್ಲಿ ಹಾಕು, ಹೆಡ್‌ಫೋನ್ ಹಾಕ್ಕೊಂಡು ಪೂರ್ತಿ ಕೇಳಿ ಬರೀತೀನಿ.